ಅಂಗಡಿಗೆ ಸುಳ್ಳು ರಿವ್ಯೂ ಬಿತ್ತೇ? ಆರ್ಡರ್ ಬುಕ್‌ನಿಂದ ಕೋರ್ಟ್‌ವರೆಗಿನ ದಾರಿ

ತುಮಕೂರಿನ ಎಸ್‌ಎಸ್ ಪುರಂನಲ್ಲಿ ನನ್ನ ಅಕ್ಕನದೊಂದು ಚಿಕ್ಕ ಬ್ಲೌಸ್ ಅಂಗಡಿ ಇದೆ. ಎರಡು ಮಷಿನ್, ಆರಿ ವರ್ಕ್ ಮಾಡೋ ಒಂದು ಸ್ಟ್ಯಾಂಡ್, ಗೋಡೆ ತುಂಬ ಮೊಳೆಗೆ ನೇತುಹಾಕಿದ ಕವರುಗಳು. ಮದುವೆ ಸೀಸನ್‌ನಲ್ಲಿ ಗುಬ್ಬಿ, ಕೊರಟಗೆರೆ ಕಡೆಯಿಂದಲೂ ಹೆಣ್ಣುಮಕ್ಕಳು ಬರುತ್ತಾರೆ. ಹೊಸಬರೆಲ್ಲ ಹೆಚ್ಚುಕಮ್ಮಿ ಗೂಗಲ್ ಮ್ಯಾಪ್ ನೋಡಿಕೊಂಡು ಬಂದವರೇ.

ಶಿವರಾತ್ರಿ ಕಳೆದು ಎರಡು ವಾರಕ್ಕೆ, ಎರಡೇ ರಾತ್ರಿಯಲ್ಲಿ ಅಂಗಡಿಗೆ ಒಂದೇ ಸ್ಟಾರ್‌ನ 11 ರಿವ್ಯೂ ಬಿದ್ದವು. ಅಲ್ಲಿಯವರೆಗೆ ಇದ್ದದ್ದೇ ಒಟ್ಟು 40. 4.7 ಇದ್ದ ರೇಟಿಂಗ್ 3.9ಕ್ಕೆ ಇಳಿಯಿತು. ಒಂದು ರಿವ್ಯೂನಲ್ಲಿ 'ಶರ್ಟ್ ಕಾಲರ್ ಸೊಟ್ಟಗೆ ಹೊಲಿದಿದ್ದಾರೆ' ಎಂದಿತ್ತು. ಅಕ್ಕ ಜೀವಮಾನದಲ್ಲಿ ಒಂದು ಶರ್ಟ್ ಹೊಲಿದವಳಲ್ಲ. ಇನ್ನೊಂದರಲ್ಲಿ 'ಶಿವರಾತ್ರಿ ದಿನ ಬ್ಲೌಸ್ ಕೊಟ್ಟು ಬಂದೆ, ಬಟ್ಟೆಯನ್ನೇ ಕಳೆದುಹಾಕಿದರು' ಎಂದಿತ್ತು. ಶಿವರಾತ್ರಿ ದಿನ ಅಂಗಡಿ ಬಾಗಿಲೇ ತೆಗೆದಿರಲಿಲ್ಲ. ನಾವೆಲ್ಲ ಸಿದ್ಧಗಂಗೆ ಜಾತ್ರೆಯಲ್ಲಿದ್ದೆವು.

ಭಾವ ಕೆರಳಿ ಕೆಂಡವಾಗಿದ್ದರು. ಯಾರು ಮಾಡಿಸಿದ್ದು ಅಂತ ಗೊತ್ತು, ಈಗಲೇ ಹೋಗಿ ಕೇಳ್ತೀನಿ ಎಂದು ಬೈಕ್ ಕೀ ಹಿಡಿದು ನಿಂತಿದ್ದರು. ಅಕ್ಕ ಬಿಡಲಿಲ್ಲ. ಆಮೇಲೆ ನಾವು ನೋಡಿದ ವಕೀಲರು ಹೇಳಿದ ಮೊದಲ ಮಾತೂ ಅದೇ: 'ಅನುಮಾನದ ಮೇಲೆ ಇನ್ನೊಬ್ಬರ ಅಂಗಡಿ ಮುಂದೆ ನಿಂತು ಕೂಗಿದ್ದರೆ, ಮಾನನಷ್ಟದ ಕೇಸು ನಿಮ್ಮ ಮೇಲೇ ಬೀಳುತ್ತಿತ್ತು.'

ನಾನು ವಕೀಲನಲ್ಲ. ಅಕ್ಕನ ಫೈಲು ಹೊತ್ತು ತಿರುಗಿದವನು. ತಿರುಗುವಾಗ ಕಲಿತದ್ದನ್ನು ಹಂತಹಂತವಾಗಿ ಬರೆದಿದ್ದೇನೆ. ಹೋಟೆಲ್, ಕ್ಲಿನಿಕ್, ಗ್ಯಾರೇಜ್, ಟ್ಯೂಷನ್ ಯಾವುದೇ ಇರಲಿ, ದಾರಿ ಹೆಚ್ಚುಕಮ್ಮಿ ಒಂದೇ.

ಹಂತ 1: ತೆಗೆಸುವ ಮೊದಲು ಹಿಡಿದಿಟ್ಟುಕೊಳ್ಳಿ

ಎಲ್ಲರೂ ಎಡವುವುದು ಇಲ್ಲೇ. ರಿವ್ಯೂ ಕಂಡ ಕೂಡಲೇ ರಿಪೋರ್ಟ್ ಒತ್ತುತ್ತಾರೆ. ಅದೃಷ್ಟವಿದ್ದರೆ ರಿವ್ಯೂ ಹೋಗುತ್ತದೆ, ಜೊತೆಗೆ ಸಾಕ್ಷಿಯೂ ಹೋಗುತ್ತದೆ. ಅದೇ ವ್ಯಕ್ತಿ ತಿಂಗಳು ಬಿಟ್ಟು ಮತ್ತೆ ಶುರು ಮಾಡಿದರೆ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ.

ಮೊದಲು ಒಂದೊಂದು ರಿವ್ಯೂನ ಸ್ಕ್ರೀನ್‌ಶಾಟ್ ತೆಗೆಯಿರಿ. ರಿವ್ಯೂನ ಲಿಂಕ್, ಬರೆದವರ ಪ್ರೊಫೈಲ್‌ನ ಲಿಂಕ್ ಎರಡನ್ನೂ ಕಾಪಿ ಮಾಡಿ ಇಟ್ಟುಕೊಳ್ಳಿ. ಹೆಸರು ನಾಳೆ ಬದಲಾಗಬಹುದು, ಹಾಗಾಗಿ ಲಿಂಕ್ ಮುಖ್ಯ. ಗೂಗಲ್ ರಿವ್ಯೂ ಮೇಲೆ ಸರಿಯಾದ ತಾರೀಖು ಇರುವುದಿಲ್ಲ, '2 ದಿನದ ಹಿಂದೆ', 'ಒಂದು ತಿಂಗಳ ಹಿಂದೆ' ಎಂದಷ್ಟೇ ಕಾಣುತ್ತದೆ. ಕೋರ್ಟಿಗೆ ಬೇಕಾದದ್ದು ತಾರೀಖು. ಹೊಸ ರಿವ್ಯೂ ಬಂದಾಗ ಗೂಗಲ್‌ನಿಂದ ನಿಮಗೆ ಮೇಲ್ ಬಂದಿದ್ದರೆ ಅದರಲ್ಲಿ ತಾರೀಖು, ಸಮಯ ಇರುತ್ತದೆ. ಆ ಮೇಲ್ ಅಳಿಸಬೇಡಿ.

ಆಮೇಲೆ ಬರೆದವರ ಪ್ರೊಫೈಲ್ ತೆರೆದು ನೋಡಿ. ನಮ್ಮ 11ರಲ್ಲಿ ಮೂರು ಅಕೌಂಟ್‌ಗಳು ಅದೇ ವಾರ ಬೇರೆ ಒಂದೇ ಅಂಗಡಿಗೆ ಐದೈದು ಸ್ಟಾರ್ ಕೊಟ್ಟಿದ್ದವು. ಇದು ಸಾಬೀತಲ್ಲ, ಬರೀ ಸುಳಿವು. ಆದರೂ ಸ್ಕ್ರೀನ್‌ಶಾಟ್ ತೆಗೆದಿಡಿ.

ಮೊಬೈಲ್‌ನಲ್ಲಿರುವುದನ್ನು ಕೋರ್ಟ್ ಹಾಗೇ ಒಪ್ಪುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರ ಪ್ರಕಾರ ಒಂದು ಪ್ರಮಾಣಪತ್ರ ಜೊತೆಗಿರಬೇಕು. ಹಳೆಯ ಕಾನೂನಿನಲ್ಲಿ ಇದು 65ಬಿ ಆಗಿತ್ತು, ವಕೀಲರು ಈಗಲೂ ಬಾಯಿತಪ್ಪಿ ಅದೇ ನಂಬರ್ ಹೇಳುತ್ತಾರೆ. ಹೊಸ ನಮೂನೆಯಲ್ಲಿ ಎರಡು ಭಾಗ ಇವೆ. ಒಂದಕ್ಕೆ ಮೊಬೈಲ್ ಅಥವಾ ಕಂಪ್ಯೂಟರ್ ಬಳಸುವ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರೊಬ್ಬರು. ಫೈಲಿನ ಹ್ಯಾಶ್ ನಂಬರನ್ನೂ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಫೋಟೋವನ್ನು ಒಂದು ಚೂರು ಕತ್ತರಿಸಿದರೂ ಅದು ಬದಲಾಗುತ್ತದೆ. ಹಾಗಾಗಿ ಮೂಲ ಸ್ಕ್ರೀನ್‌ಶಾಟ್‌ಗೆ ಕೆಂಪು ಗೆರೆ ಎಳೆಯುವುದು, ವಾಟ್ಸಾಪ್‌ನಲ್ಲಿ ಕಳಿಸಿ ಅಲ್ಲಿಂದ ಇಳಿಸಿದ ಕಾಪಿಯನ್ನೇ ಇಟ್ಟುಕೊಳ್ಳುವುದು, ಇವೆಲ್ಲ ಬೇಡ. ತೆಗೆದ ಫೋನ್‌ನಲ್ಲೇ ಮೂಲ ಇರಲಿ. ಕೇಸು ಮುಗಿಯುವ ತನಕ ಆ ಫೋನ್ ಎಕ್ಸ್‌ಚೇಂಜ್‌ಗೆ ಹಾಕಬೇಡಿ.

ಇನ್ನು ಅಂಗಡಿ ಕಡೆಯ ಸಾಕ್ಷಿ. ನಮ್ಮ ಕೈ ಹಿಡಿದದ್ದು ಒಂದು ಉದ್ದ ನೋಟ್‌ಬುಕ್. ಅಕ್ಕ ಪ್ರತಿ ಆರ್ಡರಿಗೂ ಚೀಟಿ ನಂಬರ್, ಹೆಸರು, ಅಳತೆ, ಕೊಡುವ ದಿನ, ಅಡ್ವಾನ್ಸ್ ಎಷ್ಟು ಎಂದು ಬರೆಯುತ್ತಾಳೆ. ಬಟ್ಟೆಯ ಒಂದು ತುಣುಕನ್ನು ಪಕ್ಕದಲ್ಲೇ ಪಿನ್ ಮಾಡಿರುತ್ತಾಳೆ. ಆ ಪುಸ್ತಕ ಹಿಡಿದು ಕೂತು 11 ಹೆಸರನ್ನೂ ಹುಡುಕಿದೆವು. ನಿಮ್ಮಲ್ಲಿ ಅದು ಬಿಲ್ ಬುಕ್ ಇರಬಹುದು, ಒಪಿಡಿ ರಿಜಿಸ್ಟರ್ ಇರಬಹುದು, ಯುಪಿಐ ಸ್ಟೇಟ್‌ಮೆಂಟ್, ಸಿಸಿಟಿವಿ ಇರಬಹುದು. ಸಿಸಿಟಿವಿ ಇದ್ದರೆ ಅವತ್ತೇ ಕಾಪಿ ಮಾಡಿಕೊಳ್ಳಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ.

ನಷ್ಟದ ಲೆಕ್ಕವೂ ಈಗಲೇ ಶುರುವಾಗಲಿ. 'ರಿವ್ಯೂ ನೋಡಿದ್ವಿ, ಬೇರೆ ಕಡೆ ಕೊಟ್ವಿ ಅಕ್ಕ' ಎಂದು ಒಬ್ಬರು ವಾಟ್ಸಾಪ್‌ನಲ್ಲಿ ಬರೆದಿದ್ದರು. ಅಕ್ಕನಿಗೆ ಅದನ್ನು ಓದಿ ಬೇಜಾರಾಯಿತು, ವಕೀಲರಿಗೆ ಖುಷಿಯಾಯಿತು. ನಷ್ಟ ಆಗಿದೆ ಎಂದು ಹೇಳುವುದು ಬೇರೆ, ರಿವ್ಯೂನಿಂದಲೇ ಆಗಿದೆ ಎಂದು ತೋರಿಸುವುದು ಬೇರೆ, ಅಲ್ವಾ?

ಹಂತ 2: ಸುಳ್ಳು ಯಾವುದು, ಬೈಗುಳ ಯಾವುದು

ಕಾನೂನು ನಿಮ್ಮನ್ನು ಕಾಯುವುದು ಸುಳ್ಳಿನಿಂದ. ಬೇಜಾರಿನಿಂದಲ್ಲ. 'ಫಿಟಿಂಗ್ ಹಿಡಿಸಲಿಲ್ಲ', 'ರೇಟ್ ಜಾಸ್ತಿ', 'ಮಾತು ಒರಟು' ಇವೆಲ್ಲ ಅಭಿಪ್ರಾಯ. ಹೊಟ್ಟೆ ಉರಿದರೂ ಸಹಿಸಬೇಕು. 'ನನ್ನ ಬಟ್ಟೆ ಕದ್ದರು', 'ಅಡ್ವಾನ್ಸ್ ನುಂಗಿದರು' ಎನ್ನುವುದು ನಡೆದ ಸಂಗತಿ ಎಂದು ಹೇಳುವ ಮಾತು. ಅದು ಸುಳ್ಳಾಗಿದ್ದರೆ ಆಗ ನಿಮ್ಮ ಕೈಗೆ ಕೇಸು ಸಿಗುತ್ತದೆ.

ನಮ್ಮ 11ರಲ್ಲಿ ಒಂದು ನಿಜವಾದದ್ದೇ ಇತ್ತು. ತೋಳಿನ ಲೈನಿಂಗ್ ಬಿಟ್ಟುಹೋಗಿದೆ ಎಂದು ಬರೆದಿದ್ದರು. ಆರ್ಡರ್ ಬುಕ್‌ನಲ್ಲಿ ಹೆಸರು ಸಿಕ್ಕಿತು, ಚೀಟಿ ನಂಬರ್ ಸಿಕ್ಕಿತು, ಪಿನ್ ಮಾಡಿದ ತಿಳಿ ಹಸಿರು ತುಣುಕೂ ಸಿಕ್ಕಿತು. ಕೊಟ್ಟ ದಿನ ನೋಡಿದರೆ, ಮನೆಯಲ್ಲಿ ಮಗುವಿಗೆ ಜ್ವರ ಎಂದು ಅಕ್ಕ ಅವಸರದಲ್ಲಿ ಮುಗಿಸಿದ್ದ ಬ್ಲೌಸ್ ಅದು. ಫೋನ್ ಮಾಡಿ ಕರೆಸಿ ಸರಿಮಾಡಿ ಕೊಟ್ಟಳು. ಆಕೆಯೇ ರಿವ್ಯೂ ತಿದ್ದಿದರು. ಉಳಿದ 10ರ ಜೊತೆ ಅದನ್ನೂ ಸೇರಿಸಿ ದೂರು ಕೊಟ್ಟಿದ್ದರೆ ನಮ್ಮ ಮಾತಿಗೆ ಕಿಮ್ಮತ್ತೇ ಉಳಿಯುತ್ತಿರಲಿಲ್ಲ.

ಹಂತ 3: ಕೆಳಗೆ ಉತ್ತರ ಬರೆಯಿರಿ, ಎರಡೇ ಸಾಲು

'ಈ ಹೆಸರಿನಲ್ಲಿ ನಮ್ಮ ಪುಸ್ತಕದಲ್ಲಿ ಆರ್ಡರ್ ಇಲ್ಲ. ಚೀಟಿ ಇದ್ದರೆ ಅಂಗಡಿಗೆ ತನ್ನಿ, ನೋಡೋಣ.' ಅಷ್ಟು ಸಾಕು. ಇದನ್ನು ಓದುವವರು ಮುಂದಿನ ಗಿರಾಕಿಗಳು. ಎದುರಾಳಿಯ ಹೆಸರೆತ್ತಬೇಡಿ. ಗಿರಾಕಿಯ ಫೋನ್ ನಂಬರ್, ವಿಳಾಸ ಹಾಕಬೇಡಿ. ಡಾಕ್ಟರಾಗಿದ್ದರೆ ರೋಗಿಯ ಕಾಯಿಲೆ ಬಗ್ಗೆ ಒಂದಕ್ಷರವೂ ಬೇಡ.

ಹಂತ 4: ಗೂಗಲ್‌ಗೆ ದೂರು, ಮೇಲ್ಮನವಿ, ಆಮೇಲೆ ಕೇಂದ್ರದ ಸಮಿತಿ

ಅಂಗಡಿಯ ಬಿಸಿನೆಸ್ ಪ್ರೊಫೈಲ್‌ಗೆ ಲಾಗಿನ್ ಆಗಿ ಒಂದೊಂದು ರಿವ್ಯೂ ಮೇಲೂ ರಿಪೋರ್ಟ್ ಕೊಡಿ. 'ಸುಳ್ಳು' ಎಂದರೆ ಗೂಗಲ್ ಕೇಳುವುದಿಲ್ಲ. ನಿಮ್ಮ ಮತ್ತು ಗಿರಾಕಿಯ ನಡುವಿನ ಜಗಳದಲ್ಲಿ ಯಾರು ಸರಿ ಎಂದು ಅದು ತೀರ್ಪು ಕೊಡುವುದಿಲ್ಲ. ಅದರ ನಿಯಮದಲ್ಲಿರುವ ಕಾರಣ ಆರಿಸಿ: ನಿಜವಾದ ಅನುಭವ ಇಲ್ಲದೆ ಬರೆದದ್ದು, ಎದುರಾಳಿ ವ್ಯಾಪಾರಿ ಬರೆದದ್ದು, ಬೇರೆ ಅಂಗಡಿಯ ವಿಷಯ, ಕೊಳಕು ಭಾಷೆ, ಹೀಗೆ. ಶರ್ಟ್ ಕಾಲರ್ ರಿವ್ಯೂ ಮೊದಲ ಸಲಕ್ಕೇ ಹೋಯಿತು. ಒಪ್ಪದಿದ್ದರೆ ಒಂದು ಸಲ ಮೇಲ್ಮನವಿಗೆ ಅವಕಾಶ ಇದೆ. ಅದಕ್ಕೇ ಗಟ್ಟಿ ಮಾತು ಉಳಿಸಿಕೊಳ್ಳಿ.

ಇದರಾಚೆ ಕಾನೂನಿನ ದಾರಿ ಇದೆ. 2021ರ ಐಟಿ ನಿಯಮಗಳ ಪ್ರಕಾರ ಗೂಗಲ್, ಫೇಸ್‌ಬುಕ್‌ನಂಥ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು. ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು, ನಿಗದಿತ ದಿನಗಳೊಳಗೆ ತೀರ್ಮಾನ ಹೇಳಬೇಕು. ಅವರ ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಲ್ಲಿ ಶುರುವಾದ ವ್ಯವಸ್ಥೆ ಇದು. ಎಲ್ಲ ಆನ್‌ಲೈನ್, ದೆಹಲಿಗೆ ಹೋಗಬೇಕಾಗಿಲ್ಲ.

ಆದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 2022ರ ತಿದ್ದುಪಡಿಯಲ್ಲಿ ಆ ನಿಯಮದ 'ಹಾಕಬಾರದ ವಿಷಯಗಳ' ಪಟ್ಟಿಯಿಂದ 'ಮಾನಹಾನಿಕರ' ಎಂಬ ಪದವನ್ನೇ ತೆಗೆದಿದ್ದಾರೆ. ಜೊತೆಗೆ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕೋರ್ಟಿನ ಅಥವಾ ಸರ್ಕಾರದ ಆದೇಶ ಇದ್ದರೆ ಮಾತ್ರ ಕಂಪನಿ ತೆಗೆಯಲೇಬೇಕು ಎಂದಿದೆ. ಅದಕ್ಕೇ 'ಕೋರ್ಟ್ ಆದೇಶ ತನ್ನಿ' ಎಂಬ ಉತ್ತರ ಬರುವುದು. ಬೇರೆಯವರ ಹೆಸರು, ಫೋಟೋ ಹಾಕಿಕೊಂಡು ಬರೆದಿದ್ದರೆ ಅದನ್ನೇ ಮುಂದಿಡಿ, ಆ ಕಾರಣ ಈಗಲೂ ನಿಯಮದಲ್ಲಿದೆ.

ಹಂತ 5: ಪೊಲೀಸರ ಹತ್ತಿರ ಯಾವಾಗ

ಬರೀ ಮಾನನಷ್ಟಕ್ಕೆ ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯಲ್ಲಿ 'ಕೋರ್ಟಿಗೆ ಹೋಗಿ' ಎಂದರೆ ಅದು ಉದಾಸೀನವೇ ಆಗಿರಬೇಕಿಲ್ಲ, ಕಾನೂನು ಇರುವುದೇ ಹಾಗೆ. ಹಾಗೆ ಹೇಳಿದರೆ ಬರಹದಲ್ಲಿ ಹಿಂಬರಹ ಕೇಳಿ ಪಡೆಯಿರಿ.

ಮೂರು ಸಂದರ್ಭದಲ್ಲಿ ಮಾತ್ರ ತಡಮಾಡದೆ ಹೋಗಿ. ಒಂದು, 'ಇಷ್ಟು ದುಡ್ಡು ಹಾಕಿ, ಇಲ್ಲದಿದ್ದರೆ ಇನ್ನೂ 50 ರಿವ್ಯೂ ಬೀಳುತ್ತೆ' ಎಂದು ಯಾರಾದರೂ ಹೆದರಿಸಿದರೆ. ಇದು ಐಪಿಸಿ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 308ರ ಸುಲಿಗೆ. ದುಡ್ಡು ಕಿತ್ತಿದ್ದರೆ 7 ವರ್ಷದ ತನಕ ಜೈಲು. ಇಂಥವರಿಗೆ ಒಂದು ರೂಪಾಯಿ ಹಾಕಬೇಡಿ, ಚಾಟ್ ಅಳಿಸಬೇಡಿ. ಎರಡು, ನಿಮ್ಮ ಹೆಸರಲ್ಲೋ ನಿಮ್ಮ ಗಿರಾಕಿ ಹೆಸರಲ್ಲೋ ನಕಲಿ ಅಕೌಂಟ್ ಮಾಡಿ ಮೋಸ ಮಾಡಿದ್ದರೆ. ಐಟಿ ಕಾಯ್ದೆಯ 66ಸಿ, 66ಡಿ ಬರುತ್ತವೆ, 3 ವರ್ಷದ ತನಕ ಶಿಕ್ಷೆ. ಮೂರು, ಅಂಗಡಿ ನಡೆಸುವ ಹೆಣ್ಣುಮಗಳ ಬಗ್ಗೆ ಅಸಭ್ಯವಾಗಿ ಬರೆದಿದ್ದರೆ. ಸಂಹಿತೆಯ ಸೆಕ್ಷನ್ 79 ಇರುವುದು ಇದಕ್ಕೇ. ಈ ಮೂರರಲ್ಲೂ 'ಬರೀ ರಿವ್ಯೂ ತಾನೇ' ಎಂದು ಸುಮ್ನೆ ಕಳಿಸಲು ಬಿಡಬೇಡಿ.

ತುಮಕೂರಿನಲ್ಲಿ ಸೈಬರ್ ಕೇಸುಗಳಿಗೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೂ ದೂರು ಹಾಕಬಹುದು. ದುಡ್ಡು ಆಗಲೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಉಳಿದದ್ದು ಆಮೇಲೆ.

ಹಂತ 6: ಲಾಯರ್ ನೋಟಿಸ್

ಬರೆದವರು ಯಾರೆಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ. ಯಾವ ರಿವ್ಯೂ, ಯಾವ ಸಾಲು ಸುಳ್ಳು, ಎಷ್ಟು ದಿನದೊಳಗೆ ತೆಗೆಯಬೇಕು ಎಂದು ನೇರವಾಗಿ ಬರೆಸಿ. ಸುಮ್ನೆ ಹೆದರಿಸಲು ಕೋಟಿಗಟ್ಟಲೆ ಪರಿಹಾರ ಕೇಳಿದರೆ ಓದಿದವರು ನಗುತ್ತಾರೆ. ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲೇ ಕಳಿಸಿ. ಬಹಳ ಕಡೆ ವಿಷಯ ಇಲ್ಲಿಗೇ ಮುಗಿಯುತ್ತದೆ. ಊರು ಚಿಕ್ಕದು, ನೋಟಿಸ್ ಹಿಡಿದು ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದರೆ ಅಕ್ಕಪಕ್ಕದವರು ಕೇಳುತ್ತಾರೆ.

ಹಂತ 7: ಸಿವಿಲ್ ದಾವೆ

ಅಂಗಡಿಯವರಿಗೆ ನಿಜಕ್ಕೂ ಕೆಲಸಕ್ಕೆ ಬರುವ ದಾರಿ ಇದೇ ಎನ್ನುವುದು ನನ್ನ ಅನಿಸಿಕೆ. ನಿಧಾನ, ಖರ್ಚಿನದು, ಆದರೆ ಬೇಕಾದ ಎರಡು ಆದೇಶ ಇಲ್ಲೇ ಸಿಗುವುದು.

ಮೊದಲು ಗಡುವು. ಬರಹದ ಮಾನನಷ್ಟಕ್ಕೆ ಪರಿಹಾರ ಕೇಳುವ ದಾವೆಯನ್ನು ಪ್ರಕಟವಾದ ದಿನದಿಂದ 1 ವರ್ಷದೊಳಗೆ ಹಾಕಬೇಕು. ಲಿಮಿಟೇಷನ್ ಕಾಯ್ದೆಯ 75ನೇ ವಿಧಿ. ಗೂಗಲ್ ಜೊತೆ ಮೇಲ್ ಆಡುತ್ತಾ, ಸಮಿತಿಯ ಉತ್ತರ ಕಾಯುತ್ತಾ ಕೂತರೂ ಈ ಗಡಿಯಾರ ನಿಲ್ಲುವುದಿಲ್ಲ.

ದಾವೆಯನ್ನು ಅಂಗಡಿಯ ಬೋರ್ಡ್ ಹೆಸರಲ್ಲಿ ಹಾಕಲಾಗದು. ಒಬ್ಬರೇ ನಡೆಸುವ ಅಂಗಡಿಯಾದರೆ ಮಾಲೀಕರ ಹೆಸರಲ್ಲೇ ಹಾಕಬೇಕು. ಅಂಗಡಿ ನಿಮ್ಮದೇ ಎಂದು ತೋರಿಸಲು ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಉದ್ಯಮ್ ನೋಂದಣಿ ಅಥವಾ ಜಿಎಸ್‌ಟಿ ಕಾಗದ ಇರಲಿ. ನಿಮ್ಮ ಹೆಸರು ಕೆಟ್ಟದ್ದು ತುಮಕೂರಿನಲ್ಲಾದರೆ ತುಮಕೂರಿನ ಕೋರ್ಟಿನಲ್ಲೇ ದಾವೆ ಹಾಕಬಹುದು. ಬರೆದವರು ಬೇರೆ ಊರಿನಲ್ಲಿ ಕೂತಿದ್ದರೂ ಅಡ್ಡಿಯಿಲ್ಲ.

ಬರೆದವರು ಯಾರೆಂದೇ ಗೊತ್ತಿಲ್ಲದಿದ್ದರೆ? ಅದಕ್ಕೂ ದಾರಿ ಇದೆ. ಇಂಗ್ಲಿಷರು ಗುರುತಿಲ್ಲದ ಪ್ರತಿವಾದಿಗೆ ಜಾನ್ ಡೋ ಎಂದು ಹೆಸರಿಟ್ಟರೆ ನಮ್ಮ ಕೋರ್ಟುಗಳು ಅಶೋಕ್ ಕುಮಾರ್ ಎಂದು ಇಟ್ಟಿವೆ. ಊರಿನ ಅಶೋಕ್ ಕುಮಾರ್‌ಗಳು ಗಾಬರಿಯಾಗಬೇಕಿಲ್ಲ, ಅದು ಬರೀ ಹೆಸರು. ಜೊತೆಗೆ ಅಮೆರಿಕದ ಮೂಲ ಕಂಪನಿ ಗೂಗಲ್ ಎಲ್‌ಎಲ್‌ಸಿಯನ್ನೂ ಪ್ರತಿವಾದಿ ಮಾಡುತ್ತಾರೆ. ಗೂಗಲ್ ಇಂಡಿಯಾವನ್ನು ಮಾತ್ರ ಹಾಕಿದರೆ 'ಮ್ಯಾಪ್ ನಡೆಸುವುದು ನಾವಲ್ಲ' ಎಂಬ ಉತ್ತರ ಬರುತ್ತದೆ.

ಕೇಳಬೇಕಾದದ್ದು ಎರಡು. ರಿವ್ಯೂ ತೆಗೆಯಿರಿ, ಮತ್ತೆ ಹಾಕದಂತೆ ತಡೆಯಾಜ್ಞೆ ಕೊಡಿ ಎನ್ನುವುದು ಒಂದು. ಬರೆದ ಅಕೌಂಟ್‌ನ ವಿವರ, ಐಪಿ ವಿಳಾಸ ಕೊಡಿ ಎನ್ನುವುದು ಇನ್ನೊಂದು. ಬಹಳ ಜನ ಎರಡನೆಯದನ್ನು ಮರೆಯುತ್ತಾರೆ. ಅಕೌಂಟ್ ಮುಚ್ಚಿದ ಮೇಲೆ ನೋಂದಣಿ ವಿವರವನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಐಟಿ ನಿಯಮ ಹೇಳುತ್ತದೆ. ಅದರಾಚೆ ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಆರು ತಿಂಗಳೊಳಗೇ ಓಡಾಡಿ.

ಮಧ್ಯಂತರ ತಡೆಯಾಜ್ಞೆ ಕೊಡುವಾಗ ಜಡ್ಜ್ ನೋಡುವುದು ಇಷ್ಟು: ಮೇಲ್ನೋಟಕ್ಕೆ ನಿಮ್ಮ ಮಾತಿನಲ್ಲಿ ಹುರುಳಿದೆಯೇ, ಆದೇಶ ಕೊಡದಿದ್ದರೆ ಯಾರಿಗೆ ತೊಂದರೆ ಜಾಸ್ತಿ, ಆ ನಷ್ಟವನ್ನು ಆಮೇಲೆ ದುಡ್ಡಿನಿಂದ ತುಂಬಲಾದೀತೇ. ವಿಚಾರಣೆಗೆ ಮೊದಲೇ ಬಾಯಿ ಮುಚ್ಚಿಸುವ ಆದೇಶ ಕೊಡುವಾಗ ಎಚ್ಚರ ಇರಲಿ ಎಂದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ಮತ್ತು ಟಿವಿ ಕಂಪನಿ ಜೀ ನಡುವಿನ ಕೇಸಿನಲ್ಲಿ ಕೆಳಗಿನ ಕೋರ್ಟುಗಳಿಗೆ ಹೇಳಿದೆ. ಅದು ಪತ್ರಿಕಾ ವರದಿಯ ವಿಷಯ, ಆದರೆ ಎದುರು ವಕೀಲರು ಎತ್ತುತ್ತಾರೆ. ಅಲ್ಲೇ ನಮ್ಮ ಶಿವರಾತ್ರಿಯಂಥ ಸಾಕ್ಷಿ ಕೆಲಸಕ್ಕೆ ಬರುವುದು. ಅಂಗಡಿ ಮುಚ್ಚಿದ್ದ ದಿನ ಬಟ್ಟೆ ಕೊಟ್ಟೆ ಎನ್ನುವುದು ಅಭಿಪ್ರಾಯ ಹೇಗಾದೀತು?

ಪರಿಹಾರದ ಮೊತ್ತ ಬರೆಯುವಾಗ ಒಂದು ಮಾತು. ಕೇಳುವ ಮೊತ್ತದ ಮೇಲೆ ಕೋರ್ಟ್ ಶುಲ್ಕ ಏರುತ್ತದೆ. ಲೆಕ್ಕ ತೋರಿಸಲು ಆಗುವಷ್ಟೇ ಕೇಳಿ. ಎದುರಾಳಿ ವ್ಯಾಪಾರಿಯೇ ಮಾಡಿಸಿದ್ದು ಎಂದು ಸಾಬೀತಾದರೆ, ಸರಕಿನ ಹೆಸರು ಬೇಕೆಂದೇ ಕೆಡಿಸಿದ್ದಕ್ಕೂ ಪರಿಹಾರ ಕೇಳಬಹುದು.

ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಅಕ್ಕನಿಗೆ ಈ ವಿಷಯ ಗೊತ್ತಾದದ್ದು ನಾವು ಫೀಸ್ ಕೊಟ್ಟ ಮೇಲೆ.

ಹಂತ 8: ಕ್ರಿಮಿನಲ್ ಮಾನನಷ್ಟ, ಕೊನೆಗೆ

ನ್ಯಾಯ ಸಂಹಿತೆಯ ಸೆಕ್ಷನ್ 356, ಹಳೆಯ ಐಪಿಸಿಯ 499, 500. 2 ವರ್ಷದ ತನಕ ಸಾದಾ ಜೈಲು, ದಂಡ, ಅಥವಾ ಸಮುದಾಯ ಸೇವೆ. ಮ್ಯಾಜಿಸ್ಟ್ರೇಟ್ ಮುಂದೆ ನೀವೇ ಖಾಸಗಿ ದೂರು ಹಾಕಿ, ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಹೊಸ ಕಾನೂನಿನಲ್ಲಿ ಆರೋಪಿಯ ಮಾತು ಕೇಳದೆ ಮ್ಯಾಜಿಸ್ಟ್ರೇಟ್ ದೂರನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಗಡುವು 3 ವರ್ಷ. ನಿಜವಾದ ಮಾತನ್ನು ಸಾರ್ವಜನಿಕ ಹಿತಕ್ಕೆ ಹೇಳಿದ್ದರೆ ಅದು ಅಪರಾಧವಲ್ಲ.

ಆಸಾಮಿ ಯಾರೆಂದು ಗೊತ್ತಿದ್ದು, ಹೇಳಿದರೂ ಕೇಳದೆ ಮತ್ತೆಮತ್ತೆ ಮಾಡುತ್ತಿದ್ದರೆ ಇದನ್ನು ಯೋಚಿಸಿ. ಇಲ್ಲದಿದ್ದರೆ ತಾರೀಖಿನ ಮೇಲೆ ತಾರೀಖು, ಅವತ್ತೆಲ್ಲ ಅಂಗಡಿ ಬಾಗಿಲು ಹಾಕಬೇಕು.

ಕೈ ಹಾಕಬಾರದ ಎರಡು ಕಡೆ

ಗ್ರಾಹಕ ಕೋರ್ಟಿಗೆ ಹೋಗೋಣ ಎಂದು ತುಂಬಾ ಜನ ಹೇಳಿದರು. ಅದು ಕೊಳ್ಳುವವರಿಗೆ. ಇಲ್ಲಿ ನೀವು ಗ್ರಾಹಕರಲ್ಲ.

ಇನ್ನೊಂದು, ಐದು ಸ್ಟಾರ್ ರಿವ್ಯೂ ಮಾರುವವರು. ರೇಟಿಂಗ್ ಬಿದ್ದ ವಾರದಲ್ಲೇ ಅಕ್ಕನಿಗೆ ಇಂಥ ಫೋನ್ ಬಂತು, ಹೇಗೆ ಗೊತ್ತಾಯಿತೋ. ಕೊಳ್ಳಬೇಡಿ. ಮಾರಾಟಗಾರರು ಗ್ರಾಹಕರ ವೇಷದಲ್ಲಿ ರಿವ್ಯೂ ಬರೆಯಬಾರದು ಎಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಆನ್‌ಲೈನ್ ರಿವ್ಯೂಗಳಿಗೆಂದೇ ಭಾರತೀಯ ಮಾನಕ ಬ್ಯೂರೋ (ಬಿಐಎಸ್) 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೂ ತಂದಿದೆ. ಅದಕ್ಕಿಂತ ಹೆಚ್ಚಾಗಿ, ನಾಳೆ ಕೋರ್ಟಿನಲ್ಲಿ ಎದುರು ವಕೀಲರು ಮೊದಲು ತೋರಿಸುವುದು ನೀವು ಕೊಂಡ ಆ ರಿವ್ಯೂಗಳನ್ನೇ. ಅಕ್ಕ ಬೇರೆ ಕೆಲಸ ಮಾಡಿದಳು. ಬ್ಲೌಸ್ ಒಯ್ಯಲು ಬಂದ ಹಳೆ ಗಿರಾಕಿಗಳಿಗೆ, 'ಹೇಗಿದೆಯೋ ಹಾಗೇ ಬರೀರಮ್ಮ' ಎಂದಳು.

ನಮ್ಮ 10 ಸುಳ್ಳು ರಿವ್ಯೂಗಳಲ್ಲಿ 6 ಮೊದಲ ದೂರಿಗೆ ಹೋದವು, 2 ಮೇಲ್ಮನವಿಗೆ. ಎರಡು ಇನ್ನೂ ಅಲ್ಲೇ ಇವೆ, ಅದರಲ್ಲೊಂದು ಶಿವರಾತ್ರಿಯದು. ದಾವೆಯ ಕರಡು ವಕೀಲರ ಬಳಿ ಇದೆ. ಆರ್ಡರ್ ಬುಕ್‌ನ ಆ ಪುಟಗಳನ್ನು ಅಕ್ಕ ಜೆರಾಕ್ಸ್ ಮಾಡಿಸಿ ಕತ್ತರಿಯ ಡ್ರಾನಲ್ಲಿ ಇಟ್ಟಿದ್ದಾಳೆ. ಗೋಡೆಯ ಕ್ಯಾಲೆಂಡರ್‌ನಲ್ಲಿ 180ನೇ ದಿನಕ್ಕೆ ಕೆಂಪು ಮಾರ್ಕಿಂಗ್ ಚಾಕ್‌ನಲ್ಲಿ ಸುತ್ತು ಹಾಕಿದ್ದಾಳೆ.